ಯಾರದೋ ಶಾಲೆಯ ಧ್ಯೇಯ, ನಮ್ಮ ಅವ್ವನ ಸಹಿ

ಕಳೆದ ಫೆಬ್ರುವರಿಯಲ್ಲಿ, ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸರ್ ಫೋನ್ ಮಾಡಿದರು. ಈಗ ಅವರು ಅದೇ ಶಾಲೆಯ ಹೆಡ್‌ಮಾಸ್ತರು. “ತಂಗಿ, ಒಂದ್ ಪುಟ ಐತಿ, ಇಂಗ್ಲಿಷಿನಾಗ. ಕನ್ನಡಕ್ಕ ಮಾಡಿಕೊಡವಾ. ಪಿಎಚ್‌ಡಿ ಮಾಡಾಕಿ ನೀ, ನಿನಗೇನ್ ಹತ್ತು ನಿಮಿಷದ ಕೆಲಸ” ಅಂದರು. ಹೂಂ ಅಂದೆ. ಆ ಹತ್ತು ನಿಮಿಷದ ಕೆಲಸ ಇವತ್ತಿಗೂ ಮುಗಿದಿಲ್ಲ. ಯಾಕೆ ಮುಗಿದಿಲ್ಲ, ಯಾಕೆ ಮುಗಿಸಬಾರದು ಎಂದು ಹೇಳುವುದಕ್ಕೇ ಈ ಬರಹ.

ಅದೊಂದು ಕ್ರೈಸ್ತ ಶಾಲೆ. ನಮ್ಮ ಭಾಗದ್ದೇ. ಹೆಸರು ಬೇಡ, ಯಾಕೆಂದರೆ ನಾನು ಹೇಳುತ್ತಿರುವುದು ಒಂದು ಶಾಲೆಯ ತಪ್ಪನ್ನಲ್ಲ, ಒಂದು ರೂಢಿಯನ್ನು. ಪುಟ ವಾಟ್ಸಾಪಿನಲ್ಲಿ ಬಂತು. ಮೇಲೆ ಶಾಲೆಯ ದೃಷ್ಟಿ, ನಡುವೆ ಧ್ಯೇಯ, ಕೆಳಗೆ ನಂಬಿಕೆಗಳು. ಸರ್ವಾಂಗೀಣ ವಿಕಾಸ, ಜಾಗತಿಕ ನಾಗರಿಕರು, ಇಪ್ಪತ್ತೊಂದನೆಯ ಶತಮಾನದ ಕೌಶಲಗಳು. ಶಾಲೆಯ ಹೆಸರು ಅಳಿಸಿದರೆ ಇದು ಕುಂದಗೋಳದ್ದೋ ಕೊಯಮತ್ತೂರಿನದೋ ಹೇಳುವುದಕ್ಕಾಗದು. ನಂಬಿಕೆಗಳು ಏಳು. ಐದನೆಯದರಲ್ಲಿ, ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ಗ್ರೇಡಿನ ತನಕ ಪ್ರತಿ ಮಗುವನ್ನೂ ಕ್ರಿಸ್ತನ ಪ್ರೀತಿಯಲ್ಲಿ ಬೆಳೆಸುತ್ತೇವೆ ಎಂದಿತ್ತು. ನಮ್ಮ ಶಾಲೆ ಇರುವುದು ಹತ್ತನೇ ಇಯತ್ತೆಯ ತನಕ ಮಾತ್ರ.

ಮತ್ತೆ ಫೋನ್ ಮಾಡಿದೆ. “ಸರ್, ಇದನ್ನ ಯಾರ್ ಬರದಾರ್ರಿ?”

“ಮಂಡಳಿಯವರು ಯಾರೋ ಕನ್ಸಲ್ಟೆಂಟ್ ಕಡಿಂದ ತರಿಸ್ಯಾರ. ಜೂನ್ ಅನ್ನೂದ್ರಾಗ ಗ್ವಾಡಿ ಮ್ಯಾಲ ಬರಸಬೇಕು. ಅಡ್ಮಿಶನ್ ಫಾರ್ಮಿನಾಗೂ ಹಾಕ್ತೀವಿ. ಕೆಳಗ ಪಾಲಕರ ಸಹಿ.”

ಆ ಕೊನೆಯ ಮಾತು ಕೇಳಿದಾಗ ನನಗೆ ನಮ್ಮ ಅವ್ವ ನೆನಪಾದಳು.

2010ರ ಜೂನಿನಲ್ಲಿ ಅವ್ವ ನನ್ನನ್ನು ಎಂಟನೇ ಇಯತ್ತೆಗೆ ಸೇರಿಸಲು ಅದೇ ಶಾಲೆಗೆ ಕರೆದುಕೊಂಡು ಹೋಗಿದ್ದಳು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಮೆಣಸಿನಕಾಯಿ ಬಿಡಿಸಿ ಕೂಡಿಟ್ಟ ದುಡ್ಡು ಸೆರಗಿನ ಗಂಟಿನಲ್ಲಿತ್ತು. ಕಾರಕೂನರು ಫಾರ್ಮು ತಿರುಗಿಸಿ ಬೆರಳಿಟ್ಟು ತೋರಿಸಿದಲ್ಲಿ ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಬಸ್ಸಿನಲ್ಲಿ ಬರುವಾಗ ಕೇಳಿದಳು, “ಅದರಾಗ ಏನ್ ಬರದಿತ್ತ?” ನನಗೂ ಗೊತ್ತಿರಲಿಲ್ಲ. “ಇರ್ಲಿ ಬಿಡು, ಮಾಸ್ತರು ಚಲೋ ಮಂದಿ ಕಾಣಸ್ತಾರ” ಅಂದಳು.

ಮಾಸ್ತರರು ನಿಜಕ್ಕೂ ಚಲೋ ಮಂದಿ. ಮೂರು ವರ್ಷ ಮುಂಜಾನೆಯ ಪ್ರಾರ್ಥನೆಯಲ್ಲಿ ನಿಂತೆ, ವಾರಕ್ಕೊಮ್ಮೆ ಬೈಬಲ್ ಕಥೆ ಕೇಳಿದೆ. ನನ್ನ ಕೊರಳಿನ ಲಿಂಗದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಶ್ರಾವಣ ಸೋಮವಾರ ಉಪವಾಸವಿದ್ದರೆ ನಮ್ಮ ಟೀಚರಮ್ಮ ಬಾಳೆಹಣ್ಣು ತಂದುಕೊಡುತ್ತಿದ್ದರು. ಇದನ್ನೆಲ್ಲ ಹೇಳದೆ ವಾದಕ್ಕಿಳಿದರೆ ನಾನು ಕೃತಘ್ನಳಾಗುತ್ತೇನೆ. ಆದರೆ ಆ ಮೂರು ವರ್ಷ ನನಗೆ ಸಿಕ್ಕ ಸೌಜನ್ಯ ಆ ಮೂರು-ನಾಲ್ಕು ಮಾಸ್ತರರ ಗುಣದಿಂದ ಬಂದದ್ದು. ಅವರು ನಿವೃತ್ತರಾದ ಮೇಲೆ ಬರುವವರಿಗೂ ಅದೇ ಗುಣ ಇರುತ್ತದೆ ಎಂಬ ಭರವಸೆ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇದ್ದದ್ದು ಅವ್ವ ಕೊಟ್ಟ ಒಪ್ಪಿಗೆ ಮಾತ್ರ.

ನನ್ನ ವಾದ ಸರಳವಾಗಿದೆ. ಕ್ರೈಸ್ತ ಶಾಲೆಯೊಂದು ತಾನು ಏನು ನಂಬುತ್ತೇನೆ, ಏತಕ್ಕಾಗಿ ಇದ್ದೇನೆ ಎಂದು ಬರೆದಿಡಬೇಕು. ನಾಚಿಕೆಯಿಲ್ಲದೆ, ಸ್ಪಷ್ಟವಾಗಿ ಬರೆಯಬೇಕು. ಆದರೆ ಆ ಬರಹ ಸಭೆಯವರು, ಮಾಸ್ತರರು, ಪಾಲಕರು, ಮಕ್ಕಳು ಕೂತು ಕನ್ನಡದಲ್ಲಿ ಮಾತಾಡಿ ಹುಟ್ಟಿಸಿದ್ದಾಗಿರಬೇಕು. ಬಾಡಿಗೆಗೆ ತಂದ ನಂಬಿಕೆಯನ್ನು ಗೋಡೆಗೆ ಹೊಡೆಸಿ ಅದರ ಕೆಳಗೆ ಓದುಬಾರದ ತಾಯಂದಿರ ಸಹಿ ತೆಗೆದುಕೊಳ್ಳುವುದು ಕ್ರೈಸ್ತರ ಲೆಕ್ಕದಲ್ಲೂ ಸರಿಯಲ್ಲ, ಸಂವಿಧಾನದ ಲೆಕ್ಕದಲ್ಲೂ ಸರಿಯಲ್ಲ.

*

‘ಮಿಶನ್’ ಎಂಬ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ನಮ್ಮ ಅಜ್ಜ-ಅಜ್ಜಿಯರ ಬಾಯಲ್ಲಿ ಮಿಶನ್ ಅಂದರೆ ಧ್ಯೇಯವಾಕ್ಯವಲ್ಲ, ಹಂಚು, ದವಾಖಾನೆ, ಸಾಲಿ. ಮಿಶನ್ ಸಾಲಿಯವರ ನಂಬಿಕೆ ಏನು ಎಂದು ಕೇಳಲು ಯಾರೂ ಫಲಕ ಓದಬೇಕಿರಲಿಲ್ಲ. ಪಾದ್ರಿಗಳು ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಕೂಗಿ ಹೇಳುತ್ತಿದ್ದರು. ಊರವರೂ ಅಷ್ಟೇ ಜೋರಾಗಿ ವಾದ ಹೂಡುತ್ತಿದ್ದರು. ಅವರ ಉದ್ದೇಶವನ್ನು ಒಪ್ಪಿ ಬಿಡಿ, ಅದು ಮುಚ್ಚಿಟ್ಟ ಉದ್ದೇಶವಂತೂ ಆಗಿರಲಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇಲ್ಲಿ ಮುಖ್ಯ. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು ಎಪ್ಪತ್ತು ಸಾವಿರ ಪದ. ಅದರಲ್ಲಿ ಹಳಗನ್ನಡ ಕಾವ್ಯದ ಜೊತೆಗೆ ಆಡುಮಾತು, ಗಾದೆ ಎಲ್ಲ ಇವೆ. ಜನರನ್ನು ಕೇಳದೆ, ಇಲ್ಲಿನ ಪಂಡಿತರ ಎದುರು ವಿದ್ಯಾರ್ಥಿಯಾಗಿ ಕೂರದೆ ಅಂಥ ಪುಸ್ತಕ ಆಗುವುದಿಲ್ಲ. ದೂರದ ಜರ್ಮನಿಯಿಂದ ಬಂದವರು ‘ನಂಬು’ ಎಂಬ ಕ್ರಿಯಾಪದದ ಅರ್ಥವನ್ನು ಈ ನೆಲದ ಜನರಿಂದ ಕೇಳಿ ಬರೆದರು. ಅವರ ಪರಂಪರೆಯವರು ಎಂದು ಹೆಮ್ಮೆಪಡುವ ನಮ್ಮ ಕಾಲದ ಶಾಲೆಗಳು ತಮ್ಮ ನಂಬಿಕೆಯನ್ನೇ ಹೊರಗಿನಿಂದ ತರಿಸಿಕೊಳ್ಳುತ್ತಿವೆ. ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ಕನ್ನಡ ಶಾಲಾ ಗದ್ಯದ ಮೇಲೆ. ಹಳೆಯ ಪುಸ್ತಕಗಳಿಂದ ತಲೆಯೆತ್ತಿ ಈ ವಾಟ್ಸಾಪ್ ಪುಟ ನೋಡಿದಾಗ ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಕ್ರೈಸ್ತ ಧರ್ಮದ ಚರಿತ್ರೆಯೂ ನನ್ನ ಪರವಾಗಿದೆ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಮಗನು ತಂದೆಯೊಡನೆ ಒಂದೇ ಸತ್ವದವನು ಎಂದು ಹೇಳುವ ಒಂದು ಗ್ರೀಕ್ ಪದಕ್ಕಾಗಿ ಗುದ್ದಾಡಿದರು. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆ, ಚರ್ಚಿನ ಒಡೆಯ ಸರ್ಕಾರವಲ್ಲ ಎಂದು ಹಿಟ್ಲರನ ಕಾಲದಲ್ಲಿ ಬರೆದು ಪ್ರಕಟಿಸಿತು. ಎರಡರ ಹಿಂದೆಯೂ ಕೂತು ಮಾಡಿದ ವಾದವಿದೆ, ಬರೆದವರಿಗೆ ಏನೋ ಕಳೆದುಕೊಳ್ಳುವ ಭಯವಿದೆ. ಕನ್ಸಲ್ಟೆಂಟ್ ಕಳಿಸಿದ ಏಳು ಅಂಶಗಳಿಗಾಗಿ ನಮ್ಮ ಆಡಳಿತ ಮಂಡಳಿಯ ಯಾರೊಬ್ಬರೂ ಒಂದು ರಾತ್ರಿ ನಿದ್ದೆಗೆಟ್ಟಿಲ್ಲ.

*

ಹೆಡ್‌ಮಾಸ್ತರರ ಹತ್ತಿರ ಹಟ ಹಿಡಿದು ಒಂದು ಸಂಜೆ ಕೆಲವರನ್ನು ಕೂಡಿಸಿದೆ. ಹನ್ನೊಂದು ಮಂದಿ ಪಾಲಕರು, ನಾಲ್ವರು ಶಿಕ್ಷಕರು, ಸಭಾಪಾಲಕರು, ಶಾಲೆಯ ಆಯಾ. ಆ ಪುಟವನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಬಾಯಿಂದ ಹೇಳಿದೆ. ಎಲ್ಲರೂ ಸುಮ್ಮನಿದ್ದರು. ನಡುವೆ ಒಬ್ಬರು ಗೋವಿನಜೋಳದ ರೇಟು ಮಾತಾಡತೊಡಗಿದರು. ಅನಂತರ, “ಈ ಶಾಲಿ ಏನ್ ಮಾಡ್ಬೇಕು, ಏನ್ ಮಾಡಬಾರದು, ನೀವು ಹೇಳ್ರಿ, ನಾ ಬರಕೋತೀನಿ” ಅಂದೆ. ಆಗ ಬಾಯಿ ಬಿಚ್ಚಿತು.

ಟ್ರ್ಯಾಕ್ಟರ್ ಓಡಿಸುವ ಒಬ್ಬ ಅಪ್ಪ ಮೊದಲು ಮಾತಾಡಿದ. “ಏಸೂನ ಬಗ್ಗೆ ಹೇಳ್ರಿ, ನಮಗೇನ್ ತ್ರಾಸಿಲ್ರಿ. ಆದ್ರ ಫೀ ಕಟ್ಟಿಲ್ಲಂತ ಹುಡುಗನ್ನ ವರ್ಗದ ಹೊರಗ ನಿಂದ್ರಸಬ್ಯಾಡ್ರಿ. ನಿಮ್ ನಂಬಿಕಿ ಒಳಗ ಅದನ್ನ ಬರೀರಿ.”

ತಲೆಯ ಮೇಲೆ ಸೆರಗು ಹೊದ್ದ ಮುಸ್ಲಿಂ ತಾಯಿಯೊಬ್ಬಳು, “ನಮ್ಮ ಹುಡುಗಿ ಪ್ರಾರ್ಥನಾದಾಗ ನಿಂದರ್ತಾಳ್ರಿ, ನಿಂದರ್ಲಿ. ಒಂದಿನ ಒಲ್ಲೆ ಅಂದ್ರ ಏನ್ ಮಾಡ್ತೀರಿ? ಅದನ್ನ ಹೇಳ್ರಿ” ಅಂದಳು. ಉತ್ತರಕ್ಕಾಗಿ ಎಲ್ಲರೂ ಸಭಾಪಾಲಕರ ಕಡೆ ನೋಡಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಒಲ್ಲೆ ಅಂದಾಕಿನ್ನ ನಿಲ್ಲಿಸಿದ್ರ ಅದು ಪ್ರಾರ್ಥನಾ ಆಗೂದಿಲ್ಲ. ಬರಕೋರಿ” ಅಂದರು.

ಕೊನೆಗೆ ಮಾತಾಡಿದವಳು ಆಯಾ. ಇಪ್ಪತ್ತೆರಡು ವರ್ಷದಿಂದ ಆ ಶಾಲೆಯ ಕಸ ಹೊಡೆದವಳು, ಸಭೆಯ ಸದಸ್ಯಳು. “ನಾನೂ ಸಭೆಯಾಕಿನ ಅದೀನಿ. ನಾವು ಏನ್ ನಂಬ್ತೀವಿ ಅಂತ ಬರಿಯೂ ಮುಂದ ನನ್ನೂ ಯಾರೂ ಕೇಳಿಲ್ಲ” ಅಂದಳು. ಅಲ್ಲಿಯವರೆಗೆ ನಾನು ಇದನ್ನು ಕ್ರೈಸ್ತರ ಮಂಡಳಿ ಮತ್ತು ಕ್ರೈಸ್ತರಲ್ಲದ ಪಾಲಕರ ನಡುವಿನ ಪ್ರಶ್ನೆ ಎಂದುಕೊಂಡಿದ್ದೆ. ಕೇಳಿಸಿಕೊಳ್ಳದವರ ಸಾಲಿನಲ್ಲಿ ಕ್ರೈಸ್ತರೂ ನಿಂತಿದ್ದಾರೆ ಎಂದು ಆ ಹೆಂಗಸು ತಿಳಿಸಿಕೊಟ್ಟಳು.

ಆ ಸಂಜೆ ಬರೆದುಕೊಂಡ ಅರ್ಧ ಪುಟದಲ್ಲಿ ‘ಜಾಗತಿಕ ನಾಗರಿಕ’ ಇರಲಿಲ್ಲ. ಇದ್ದದ್ದು ಶುಲ್ಕ, ಪ್ರಾರ್ಥನೆ, ಹೊಡೆತ, ಹುಡುಗಿಯರ ಕಕ್ಕಸು, ಕನ್ನಡ ಮಾತಾಡಿದರೆ ಹಾಕುವ ದಂಡ. ಕ್ರೈಸ್ತ ಶಾಲೆಯ ನಂಬಿಕೆಯನ್ನು ಜನ ಅಳೆಯುವುದು ಇವುಗಳಿಂದಲೇ.

*

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ‘ನಂಬಿಕೆಯನ್ನು ಮತಕ್ಕೆ ಹಾಕುವುದೇ? ಏಸು ದೇವರ ಮಗನೋ ಅಲ್ಲವೋ ಎಂದು ಲಿಂಗಾಯತರು, ಮುಸ್ಲಿಮರು ಕೈಯೆತ್ತಿ ತೀರ್ಮಾನಿಸಬೇಕೇ?’ ಖಂಡಿತ ಬೇಡ. ಆ ಭಾಗ ಸಭೆಯದು, ಆಯಾಳನ್ನೂ ಕೂರಿಸಿಕೊಂಡು ಸಭೆಯೇ ಬರೆಯಲಿ. ನೀರು ಬೆರೆಸುವುದೂ ಬೇಡ. ನಮ್ಮ ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಶಿಶುವಿನಹಾಳದ ಶರೀಫರನ್ನು ಶಿಷ್ಯನಾಗಿ ತೆಗೆದುಕೊಂಡದ್ದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಆ ಕಥೆಯನ್ನು ‘ಎಲ್ಲಾ ಒಂದೇ’ ಎಂದು ತೇಲಿಸಿಬಿಡುವವರು ಬಹಳ. ಅವರಿಬ್ಬರೂ ತಾವು ಯಾರೆಂದು ಪರಸ್ಪರ ಮುಚ್ಚಿಡಲಿಲ್ಲ, ಅದರಿಂದಲೇ ಆ ಸಂಬಂಧಕ್ಕೆ ಬೆಲೆ. ಶಾಲೆಯೂ ನಾವು ಕ್ರೈಸ್ತರು, ಇದನ್ನು ನಂಬುತ್ತೇವೆ ಎಂದು ನೇರ ಹೇಳಲಿ. ಆದರೆ ಆ ನಂಬಿಕೆಯಿಂದಾಗಿ ನಿಮ್ಮ ಮಕ್ಕಳೊಡನೆ ಹೀಗೆ ನಡೆದುಕೊಳ್ಳುತ್ತೇವೆ ಎಂಬ ಎರಡನೆಯ ಭಾಗವಿದೆಯಲ್ಲ, ಅದು ಮಾತು ಕೊಡುವುದು. ಮಾತು ಕೊಡುವಾಗ ಎದುರಿನವರು ಇರಬೇಕು.

ಎರಡನೆಯ ಆಕ್ಷೇಪ ಕಾನೂನಿನದು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. 2012ರ ತಿದ್ದುಪಡಿ ಅಲ್ಪಸಂಖ್ಯಾತ ಶಾಲೆಗಳಲ್ಲಿ ಆ ಸಮಿತಿಯನ್ನು ಸಲಹೆಗೆ ಸೀಮಿತಗೊಳಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯೇ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದಿತು. ಹೀಗಾಗಿ ಮಂಡಳಿಯವರನ್ನು ಒತ್ತಾಯಿಸಲು ಕಾನೂನಿಲ್ಲ, ನಿಜ. 30ನೆಯ ವಿಧಿಯನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಬಹುಸಂಖ್ಯಾತರ ಗದ್ದಲದಿಂದ ಆ ಶಾಲೆಗಳನ್ನು ಕಾಯಲು ಅದು ಬೇಕು. ಆದರೆ ಆ ಹಕ್ಕನ್ನು ತಮ್ಮದೇ ಶಾಲೆಯ ಟ್ರ್ಯಾಕ್ಟರ್ ಡ್ರೈವರ್‌ನ ಎದುರು ಗುರಾಣಿಯಾಗಿ ಹಿಡಿಯುವುದು ಬೇರೆ ಮಾತು. ಅದೇ ಸಂವಿಧಾನದ 28ನೆಯ ವಿಧಿಯ ಮೂರನೆಯ ಉಪವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಓದಲು ಬಾರದ ಭಾಷೆಯಲ್ಲಿ ಬರೆದದ್ದರ ಕೆಳಗೆ ಬೆರಳು ತೋರಿಸಿ ಹಾಕಿಸಿದ ಸಹಿ ಒಪ್ಪಿಗೆಯಾಗುತ್ತದೆಯೇ?

ಮೂರನೆಯದು ಭಯ. ಇದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ, ಚಹಾ ಕುಡಿಯುವಾಗ ಹೇಳುತ್ತಾರೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹಳೆಯ ಕ್ರೈಸ್ತ ಶಾಲೆಯೊಂದು, ಮಕ್ಕಳು ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲ ಎಂದು ಪ್ರವೇಶ ಅರ್ಜಿಯಲ್ಲಿ ಪಾಲಕರಿಂದ ಬರೆಸಿಕೊಂಡಿದೆ ಎಂದು ದೊಡ್ಡ ವಿವಾದವಾಯಿತು. ಅದೇ ವರ್ಷ ಬಂದ ಮತಾಂತರ ತಡೆ ಕಾನೂನು, ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ‘ಆಮಿಷ’ದ ಪಟ್ಟಿಯಲ್ಲಿ ಸೇರಿಸಿತು. ಬಡ ಹುಡುಗಿಯ ಫೀ ಮಾಫಿ ಮಾಡುವುದಕ್ಕೂ ಹೆದರಬೇಕಾದ ಕಾಲದಲ್ಲಿ ನಂಬಿಕೆಯನ್ನು ಬಿಡಿಸಿ ಬರೆಯುವವರು ಯಾರು? ಆಗ ಯಾರಿಗೂ ಚುಚ್ಚದ, ಯಾರನ್ನೂ ಮುಟ್ಟದ ಕನ್ಸಲ್ಟೆಂಟಿನ ಭಾಷೆ ಸುರಕ್ಷಿತ ಅನ್ನಿಸುತ್ತದೆ. ಆ ಭಯವನ್ನು ನಾನು ಅಣಕಿಸಲಾರೆ. ಆದರೆ ಲೆಕ್ಕ ತಪ್ಪಿದೆ. ನಾಳೆ ಗುಂಪೊಂದು ಗೇಟಿನ ಹತ್ತಿರ ಬಂದು ಇಲ್ಲಿ ಏನು ನಡೆದಿದೆ ಎಂದು ಕೂಗಿದರೆ ಇಂಗ್ಲಿಷ್ ಫಲಕ ಶಾಲೆಯನ್ನು ಕಾಯುವುದಿಲ್ಲ. “ಏನ್ ನಡದೈತಿ ನಮಗ ಗೊತ್ತೈತಿ, ನಾವ ಕುಂತು ಬರದೀವಿ” ಎಂದು ಹೇಳುವ ಊರ ಪಾಲಕರಿದ್ದರೆ ಅವರು ಕಾಯುತ್ತಾರೆ.

ನಾಲ್ಕನೆಯ ಆಕ್ಷೇಪ ನನ್ನ ಒಳಗಿನದೇ, ಎಲ್ಲಕ್ಕಿಂತ ಕಠಿಣ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಒಬ್ಬ ಹುಡುಗ ಅರ್ಜಿ ಹಾಕಿದ. ಪುಸ್ತಕಗಳಲ್ಲಿ ಅವನು ‘ಮಹಾರ ಹುಡುಗ’ ಎಂದೇ ಬರುತ್ತಾನೆ. ನ್ಯಾಯ ಅವನ ಕಡೆಗಿದೆ ಎಂದು ಮುಂಬೈ ಸರ್ಕಾರವೇ ಒಪ್ಪಿಕೊಂಡಿತು, ಆದರೆ ಒಬ್ಬನಿಗಾಗಿ ಉಳಿದವರು ಶಾಲೆ ಬಿಡುವಂತಾಗಬಾರದು ಎಂದು ಬಾಗಿಲು ತೆರೆಯಲಿಲ್ಲ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಹಣದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. 1882ರ ಹಂಟರ್ ಆಯೋಗ ಆ ತತ್ವವನ್ನು ಮತ್ತೆ ಒಪ್ಪುತ್ತಲೇ, ಜಾರಿಯಲ್ಲಿ ಎಚ್ಚರಿಕೆ ಇರಲಿ ಎಂದಿತು. 1928ರಲ್ಲಿ ಅಂಬೇಡ್ಕರ್ ಈ ಇಡೀ ಕಥೆಯನ್ನು ಸೈಮನ್ ಆಯೋಗದ ಮುಂದೆ ಬಿಡಿಸಿಟ್ಟರು. ಧಾರವಾಡದವಳಾಗಿ ನಾನು ಮರೆಯಲಾಗದ ಪಾಠ ಇದು. ಅಂದಿನ ಪಾಲಕರನ್ನೆಲ್ಲ ಕೂಡಿಸಿ, ‘ಬರ್ರಿ, ಶಾಲೆಯ ಧ್ಯೇಯ ಒಟ್ಟಾಗಿ ಬರೆಯೋಣ’ ಎಂದಿದ್ದರೆ ಅವರು ಬರೆಯುತ್ತಿದ್ದದ್ದು ಏನು? ಆ ಹುಡುಗನನ್ನು ಹೊರಗಿಡಿ ಎಂದೇ.

ಹಾಗಾದರೆ ನನ್ನ ವಾದ ಬಿತ್ತೇ? ಇಲ್ಲ, ಅದಕ್ಕೊಂದು ಕಟ್ಟು ಬಿತ್ತು. ಅನುದಾನಿತ ಶಾಲೆಯಲ್ಲಿ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದು 29ನೆಯ ವಿಧಿ ಹೇಳುತ್ತದೆ. ಅದು ಚರ್ಚೆಗೆ ಇಲ್ಲ, ಬಹುಮತಕ್ಕೂ ಇಲ್ಲ. ಅದರ ಒಳಗೆ ಉಳಿದದ್ದನ್ನು ಒಟ್ಟಾಗಿ ಬರೆಯಬೇಕು, ಬರೆಯುವಾಗ ಬಾಗಿಲ ಹೊರಗೆ ನಿಂತವರನ್ನು ಮೊದಲು ಕೇಳಬೇಕು. 1856ರಲ್ಲಿ ಅಧಿಕಾರಿಗಳು ಲೆಕ್ಕಕ್ಕೆ ಹಿಡಿದದ್ದು ಒಳಗೆ ಕೂತವರ ಸಿಟ್ಟನ್ನು ಮಾತ್ರ. 1858ರ ಆದೇಶ ಸರಿಯಾಗಿಯೇ ಇತ್ತು, ಆದರೆ ಅದನ್ನು ನಡೆಸಬೇಕಾದ ಮಾಸ್ತರರಿಗೂ ಊರವರಿಗೂ ಅದು ತಮ್ಮ ಮಾತಾಗಿರಲಿಲ್ಲ. ಅದರಿಂದಲೇ ಕಾಲು ಶತಮಾನವಾದರೂ ಅದೇ ತತ್ವವನ್ನು ಎಚ್ಚರಿಕೆಯ ಮಾತಿನ ಜೊತೆ ಮತ್ತೆ ಬರೆಯಬೇಕಾಯಿತು. ಮೇಲಿನಿಂದ ಇಳಿದ ಒಳ್ಳೆಯ ವಾಕ್ಯದ ಗತಿಯೇ ಇದಾದರೆ, ಕನ್ಸಲ್ಟೆಂಟಿನಿಂದ ಇಳಿದ ಪೊಳ್ಳು ವಾಕ್ಯ ಏನು ಮಾಡೀತು?

*

ನಮ್ಮ ಅರ್ಧ ಪುಟವನ್ನು ಹೆಡ್‌ಮಾಸ್ತರರು ಮಂಡಳಿಗೆ ಕೊಟ್ಟರು. “ಚಲೋ ಐತಿ, ಪರಿಶೀಲಿಸ್ತೀವಿ” ಎಂಬ ಉತ್ತರ ಬಂತಂತೆ. ಜೂನಿನಲ್ಲಿ ಗೋಡೆಯ ಮೇಲೆ ಇಂಗ್ಲಿಷ್ ಪುಟವೇ ಬಂತು. ನಾನು ತೋರಿಸಿದ ಮೇಲೆ ಹನ್ನೆರಡನೆಯ ಗ್ರೇಡನ್ನು ಹತ್ತು ಮಾಡಿದ್ದರು, ಅಷ್ಟೇ ನನ್ನ ಕೊಡುಗೆ. ಅರ್ಜಿಯ ಕೆಳಗೆ ಈ ವರ್ಷವೂ ಪಾಲಕರು ಸಹಿ ಮಾಡಿದ್ದಾರೆ.

ಕನ್ನಡ ಅನುವಾದವನ್ನು ನಾನು ಮಾಡಿಕೊಟ್ಟಿಲ್ಲ. ಸರ್‌ಗೆ ಬೇಜಾರಾಗಿದೆ, ನನಗೂ ಆಗಿದೆ; ನನಗೆ ಅಕ್ಷರದ ರುಚಿ ಹಚ್ಚಿದವರು ಅವರು. ಕನ್ನಡದಲ್ಲಿದ್ದರೆ ಪಾಲಕರಿಗೆ ಓದಲಾದರೂ ಬರುತ್ತಿತ್ತಲ್ಲ ಎಂದು ಸ್ನೇಹಿತರೂ ಬೈದರು. ಅದೂ ನಿಜವೇ. ಆದರೆ ಬರೆದವರೇ ನಂಬದ ವಾಕ್ಯಗಳಿಗೆ ಕನ್ನಡದ ಅಂಗಿ ತೊಡಿಸಿದರೆ, ಕೇಳಿಸಿಕೊಳ್ಳದೆ ಪಡೆದ ಒಪ್ಪಿಗೆ ಕೇಳಿ ಪಡೆದದ್ದರಂತೆ ಕಾಣುತ್ತದೆ. ಆ ಕೆಲಸಕ್ಕೆ ನನ್ನ ಕೈ ಬೇಡ.

ಸಭಾಪಾಲಕರು ಮಾತ್ರ ಹೋದ ತಿಂಗಳು ಫೋನ್ ಮಾಡಿದ್ದರು. ಸಭೆಯ ಕೂಟದಲ್ಲಿ ಆಯಾಳನ್ನು ಎದ್ದು ಮಾತಾಡಲು ಹೇಳಿದ್ದರಂತೆ. ಪ್ರಾರ್ಥನೆಗೆ ಒಲ್ಲೆ ಅಂದ ಮಗು ಲೈಬ್ರರಿಯಲ್ಲಿ ಕೂರಬಹುದು ಎಂಬ ಸಾಲನ್ನು ಮುಂದಿನ ವರ್ಷದ ಅರ್ಜಿಯಲ್ಲಿ ಕನ್ನಡದಲ್ಲೇ ಸೇರಿಸಬೇಕೆಂದು ಸಭೆ ಒಪ್ಪಿದೆಯಂತೆ. ಶುಲ್ಕದ ಸಾಲು ಇನ್ನೂ ಚರ್ಚೆಯಲ್ಲಿದೆ. ಈ ವಿಷಯ ಅವ್ವನಿಗೆ ಹೇಳಿದೆ. ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

“ಅಂದ್ರ ಅವತ್ತ ನಾ ಸಹಿ ಮಾಡಿದ್ದ್ರಾಗ ಅದು ಇರ್ಲಿಲ್ಲೇನ?” ಅಂದಳು.

ಇರಲಿಲ್ಲ ಅಂದೆ.